ಖಾಡಿಯ ಉಬ್ಬರದ ಪಟ್ಟಿ ಮತ್ತು ಹತ್ತೊಂಬತ್ತನೇ ಮಹಡಿಯ ಕಿಟಕಿ

೨೦೧೦ರ ಜನವರಿ. ಐರೋಲಿಯಲ್ಲಿ ಖಾಡಿಯ ದಂಡೆಗೆ ಹೊಸದಾಗಿ ಎದ್ದಿದ್ದ ಇಪ್ಪತ್ತೆರಡು ಮಹಡಿಯ ಐಷಾರಾಮಿ ಟವರೊಂದರಲ್ಲಿ ನಾನು ಸೀನಿಯರ್ ಸೇಲ್ಸ್ ಎಕ್ಸಿಕ್ಯೂಟಿವ್. ಹುದ್ದೆಯ ಹೆಸರು ಉದ್ದ, ಕೆಲಸ ಗಿಡ್ಡ: ಬಂದವರನ್ನು ಲಿಫ್ಟಿನಲ್ಲಿ ಮೇಲೆ ಕರೆದೊಯ್ದು ಕಿಟಕಿಯ ಪರದೆ ಸರಿಸುವುದು. ಅಷ್ಟು ದುಬಾರಿ ಫ್ಲ್ಯಾಟು ಕಿಟಕಿಯ ಬಲದ ಮೇಲೇ ಮಾರಾಟವಾಗುತ್ತದೆ.

ಆದರೆ ಖಾಡಿ ಅಂದರೆ ನೆಲದೊಳಕ್ಕೆ ಚಾಚಿದ ಸಮುದ್ರದ ಕೈ. ದಿನಕ್ಕೆ ಎರಡು ಸಲ ತುಂಬುತ್ತದೆ, ಎರಡು ಸಲ ಬರಿದಾಗುತ್ತದೆ. ತುಂಬಿದಾಗ ಕಿಟಕಿಯಾಚೆ ಬೆಳ್ಳಗೆ ಹೊಳೆಯುವ ನೀರು. ಇಳಿದಾಗ ಮೈಲುಗಟ್ಟಲೆ ಕಪ್ಪು ಕೆಸರು, ಮೇಲಿಷ್ಟು ವಾಸನೆ. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ. ಪ್ರತಿಯೊಬ್ಬ ಸೇಲ್ಸ್‌ನವನ ಜೇಬಿನಲ್ಲಿ ಉಬ್ಬರ ಇಳಿತದ ವೇಳೆ ಅಚ್ಚುಹಾಕಿದ ಪಟ್ಟಿ ಇರಬೇಕು. ಗಿರಾಕಿಗೆ ಸಮಯ ಕೊಡುವುದು ಉಬ್ಬರ ನೋಡಿಯೇ. ನಾನು ವಿಜಯಪುರ ಕಡೆಯವನು, ಹಮಾಲರ ಮಗ. ಇಪ್ಪತ್ತು ವರ್ಷದವನಾಗುವವರೆಗೆ ಸಮುದ್ರವನ್ನೇ ಕಂಡಿರಲಿಲ್ಲ. ಅಂಥವನು ಪಟ್ಟಿ ಬಾಯಿಪಾಠ ಮಾಡಿಕೊಂಡು, ಖಾಡಿಯೇನೋ ನನ್ನ ಮಾತು ಕೇಳಿ ತುಂಬುತ್ತದೆ ಎನ್ನುವಂತೆ ಓಡಾಡುತ್ತಿದ್ದೆ.

ಆ ತಿಂಗಳು ಸುಧಾಕರ ಶೆಟ್ಟರು ಬಂದರು. ಕುಂದಾಪುರದವರು, ಕಳವಾದಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವರು. ಹೋಟೆಲಿನ ಮೇಲಿನ ಎರಡನೇ ಮಾಳಿಗೆಯಲ್ಲೇ ಸಂಸಾರ. ಹೆಂಡತಿ ಜಲಜಕ್ಕನಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಭಾಗ ಸೋತಿತ್ತು. ಲಿಫ್ಟಿಲ್ಲದ ಆ ಕಟ್ಟಡದಿಂದ ಅವರನ್ನು ಕುರ್ಚಿ ಸಮೇತ ಹೊತ್ತೇ ಇಳಿಸಬೇಕು. ಇದ್ದ ಒಂದು ಕಿಟಕಿಯಿಂದ ಕಾಣುವುದು ಅಡುಗೆಮನೆಯ ಹೊಗೆ ಕೊಳವೆ ಮಾತ್ರ. ಶೆಟ್ಟರು ಹೋಟೆಲನ್ನೇ ಬಿಟ್ಟುಕೊಟ್ಟು ಮನೆ ಕೊಳ್ಳಲು ಹೊರಟಿದ್ದರು. ಅಡುಗೆಮನೆ, ಈಜುಕೊಳ, ಕ್ಲಬ್‌ಹೌಸು ಯಾವುದನ್ನೂ ಕೇಳಲಿಲ್ಲ. ಹೆಂಡತಿ ಕೂತಲ್ಲಿಂದ ನೀರು ಕಾಣಬೇಕು, ಅಷ್ಟೇ ಅಂದರು.

ಮಧ್ಯಾಹ್ನ ಹನ್ನೆರಡರ ಉಬ್ಬರಕ್ಕೆ ಸಮಯ ಕೊಟ್ಟೆ. ಅಂದೇ ವಿಟಾವಾದ ರೈಲು ಸೇತುವೆ ಕೆಳಗೆ ಟ್ರಕ್ಕೊಂದು ಸಿಕ್ಕಿಬಿದ್ದು, ಕಳವಾದಿಂದ ಬರುವ ರಸ್ತೆ ಪೂರ್ತಿ ಜಾಮು. ಒಂದಾಯಿತು, ಎರಡಾಯಿತು. ನಾನು ಗೇಟಿಗೂ ಲಿಫ್ಟಿಗೂ ಅಲೆದದ್ದೇ ಅಲೆದದ್ದು. ನಾಳೆ ಬನ್ನಿ ಅಂತ ಮೂರು ಸಲ ಫೋನು ಮಾಡಿದೆ. ಅವಳನ್ನು ಇನ್ನೊಂದು ಸಲ ಇಳಿಸಿ ಹತ್ತಿಸುವುದು ಆಗದ ಮಾತು ಅಂದರು ಶೆಟ್ಟರು. ಬಂದಾಗ ಮೂರು ದಾಟಿತ್ತು.

ಹತ್ತೊಂಬತ್ತನೇ ಮಹಡಿ. ಪರದೆ ಸರಿಸಿದೆ. ನೀರು ಆಗಲೇ ಅರ್ಧ ಹಿಂದೆ ಸರಿದು ಕೆಸರು ಬಿಸಿಲಿಗೆ ಬಿಚ್ಚಿಕೊಂಡಿತ್ತು. ಇವತ್ತು ಸ್ವಲ್ಪ ಹೀಗಾಗಿದೆ ಅಂತ ಏನೋ ತೊದಲಿದೆ. ಜಲಜಕ್ಕ ಗಾಲಿಕುರ್ಚಿಯನ್ನು ಗಾಜಿಗೆ ತಾಗಿಸಲು ಕೈಸನ್ನೆ ಮಾಡಿದರು. ಸುಮಾರು ಹೊತ್ತು ನೋಡಿದರು.

"ಇಳ್ತ ಸುರು ಆಯ್ತ್ ಕಾಣಿ," ಅಂದರು ಗಂಡನಿಗೆ.

ಅವರ ಮುಖ ಅರಳಿದ್ದು ಕಂಡು ನಾನು ಬೆಪ್ಪಾದೆ. ಚಿಕ್ಕವರಿದ್ದಾಗ ಊರ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಇಳಿತಕ್ಕೆ ಕಾದು, ಮೊಣಕಾಲುದ್ದ ಕೆಸರಿನಲ್ಲಿ ಚಿಪ್ಪು ಆರಿಸಿದವರು ಅವರು. ದೂರದಲ್ಲಿ ಫ್ಲೆಮಿಂಗೊಗಳ ಸಾಲು ಕೆಸರಿಗೆ ಇಳಿಯುತ್ತಿತ್ತು. ಅವು ನಡೆಯುವುದನ್ನು ಅವರು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. ನಾವು ಎರಡು ವರ್ಷ ಮುಚ್ಚಿಟ್ಟ ಕೆಸರನ್ನೇ ಈ ಹೆಂಗಸು ಕಣ್ತುಂಬ ನೋಡುತ್ತಿದ್ದರು. ನನಗೆ ಎಷ್ಟು ನಿರಾಳವಾಯಿತೆಂದರೆ ಜೋರಾಗಿ ನಕ್ಕುಬಿಟ್ಟೆ. ಆಗ ಅವರು ತಿರುಗಿ ಕೇಳಿದರು.

"ಈ ಎದ್ರ್ ಜಾಗದಲ್ಲಿ ಎಂತಾರೂ ಬತ್ತಾ?"

ಎದುರಿನ ಖಾಲಿ ಜಾಗದಲ್ಲಿ ಎರಡನೇ ಹಂತದ ಟವರು ಏಳಲಿತ್ತು. ಆಫೀಸಿನ ಡ್ರಾವರಿನ ನಕ್ಷೆಯಲ್ಲಿ ಚುಕ್ಕೆಗೆರೆಯಲ್ಲಿ ಅದನ್ನು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕೆಳಗೆ ಗಿರಾಕಿಗಳಿಗೆ ಇಟ್ಟ ಮಾದರಿಯಲ್ಲಿ ಮಾತ್ರ ಅಲ್ಲಿ ಹಸಿರು ಸ್ಪಂಜಿನ ಹುಲ್ಲು. ಯೋಜನೆಯನ್ನೆಲ್ಲ ಮೊದಲೇ ತೋರಿಸಬೇಕೆಂಬ ಕಾಯ್ದೆ ಆಗಿನ್ನೂ ಬಂದಿರಲಿಲ್ಲ. ಈ ಪ್ರಶ್ನೆಗೆ ತರಬೇತಿಯಲ್ಲೇ ನಮಗೆ ಒಂದು ಉತ್ತರ ಕಲಿಸಿದ್ದರು: 'ಅಭೀ ತೋ ಓಪನ್ ಹೈ.' ಸುಳ್ಳೂ ಅಲ್ಲ, ಸಿಕ್ಕಿಬೀಳುವ ಮಾತೂ ಅಲ್ಲ.

"ಸದ್ಯಕ್ಕಂತೂ ಖಾಲಿ ಐತ್ರಿ ಅಕ್ಕಾರ," ಅಂದೆ.

ಹಾಳು ನಾಲಿಗೆ. ಕೆಸರು ಕಂಡರೂ ಮನೆ ಬೇಕು ಅನ್ನುತ್ತಿದ್ದವರಿಗೆ ಮರೆಮಾಚುವ ಅಗತ್ಯವಾದರೂ ಏನಿತ್ತು? ಪಕ್ಕದ ವಿಂಗಿನಲ್ಲಿ, ಖಾಡಿ ಕಾಣುವ, ಎದುರು ಎಂದೂ ಏನೂ ಬಾರದ ಮೂಲೆ ಫ್ಲ್ಯಾಟೊಂದು ಖಾಲಿಯಿತ್ತು. ಮಹಡಿ ಏಳನೆಯದು, ಕೋಣೆ ಒಂದು ಕಡಿಮೆ. ಅದನ್ನು ತೋರಿಸಬಹುದಿತ್ತು. ಆದರೆ ಹತ್ತೊಂಬತ್ತನೇ ಮಹಡಿ ಮಾರಿದವನಿಗೆ ಟೀಮ್ ಲೀಡರ್ ಕುರ್ಚಿ ಕಾದಿತ್ತು.

ಬುಕಿಂಗಿಗೂ ರಿಜಿಸ್ಟ್ರೇಷನ್ನಿಗೂ ನಡುವೆ ಒಂಬತ್ತು ದಿನ ಇತ್ತು. ಆ ಒಂಬತ್ತು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಎರಡು ಸಲ ಕಳವಾಕ್ಕೆ ಹೋದೆ. ಮೊದಲ ಸಲ ಎದುರಿನ ಫುಟ್‌ಪಾತಿನಿಂದಲೇ ಹಿಂದಿರುಗಿದೆ. ಎರಡನೇ ಸಲ ಒಳಗೆ ಹೋಗಿ ಕೂತೆ. ಶೆಟ್ಟರು ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟ ಇಳಿಸಿ ಬಟ್ಟೆಯಲ್ಲಿ ಸುತ್ತುತ್ತಿದ್ದರು. ನನ್ನನ್ನು ಕಂಡು, ಮೇಲೆ ನನ್ನವಳು ಈಗ ದಿನಾ ನಿನ್ನ ಹೆಸರು ಹೇಳುತ್ತಾಳೆ ಅಂದರು. ಮಾತು ನಾಲಿಗೆ ತುದಿಗೆ ಬಂದಿತ್ತು. ಚಹಾ ಕುಡಿದು ಎದ್ದು ಬಂದೆ.

ರಿಜಿಸ್ಟ್ರೇಷನ್ ಮುಗಿದು ಅವರು ಹತ್ತೊಂಬತ್ತನೇ ಮಹಡಿಗೆ ಬಂದರು, ನಾನು ಟೀಮ್ ಲೀಡರ್ ಆದೆ. ೨೦೧೨ರಲ್ಲಿ ಎದುರಿನ ಜಾಗದಲ್ಲಿ ಪೈಲಿಂಗ್ ಶುರುವಾಯಿತು, ಅಂದರೆ ಅಡಿಪಾಯಕ್ಕೆ ಕಂಬ ಇಳಿಸುವ ಕೆಲಸ. ಅದರ ಒಂದೊಂದು ಹೊಡೆತಕ್ಕೂ ಆಫೀಸಿನ ಗಾಜು ನಡುಗುತ್ತಿತ್ತು. ಮುಂದಿನ ವರ್ಷ ಸ್ಲ್ಯಾಬು ಹತ್ತೊಂಬತ್ತನೇ ಮಹಡಿಗೆ ಬಂದ ವಾರ ಶೆಟ್ಟರು ಆಫೀಸಿಗೆ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವ್ಳ್ ನಿನ್ ಹತ್ರ ಕೇಂಡಿದ್ಲ್, ಅಲ್ದಾ?" ಅಂದರು. ಉತ್ತರಕ್ಕೆ ಕಾಯದೆ ಹೋದರು.

ಅಂದು ಸಂಜೆ ನಾನೇ ಮೇಲೆ ಹೋದೆ. ಜಲಜಕ್ಕ ಅದೇ ಕಿಟಕಿಯ ಬಳಿ, ಅದೇ ಕುರ್ಚಿಯಲ್ಲಿದ್ದರು. ಎದುರಿಗೆ ಹಸಿ ಕಾಂಕ್ರೀಟು, ಅದರಾಚೆ ಏನೂ ಇಲ್ಲ. ಟವರು ಬರುವುದು ನನಗೆ ಅಂದೇ ಗೊತ್ತಿತ್ತು, ತಪ್ಪಾಯಿತು ಅಂತ ಹೇಳಿದೆ. ಕಣ್ಣೀರು ತಡೆಯಲಾಗಲಿಲ್ಲ. ಅವರು ಸಮಾಧಾನವನ್ನೂ ಮಾಡಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ನನ್ನ ಅಂಗಿಯ ಜೇಬು ನೋಡಿದರು.

"ಅವತ್ತ್ ನಿನ್ ಕಿಸೆಯಲ್ಲಿ ಒಂದ್ ಚೀಟಿ ಇತ್ತಲೆ, ಭರ್ತ ಇಳ್ತದ್ದ್. ಈಗ ಇತ್ತಾ?"

ಇತ್ತು. ಪಟ್ಟಿ ನೋಡಿಯೇ ನಾನು ಪರದೆ ಸರಿಸುವುದು ಗೊತ್ತಿತ್ತು ಅವರಿಗೆ, ಮೊದಲ ದಿನದಿಂದಲೂ.

"ಕಂಡ್ ಹೇಳ್. ಈಗ ಎಂತ?"

ಮಡಿಕೆ ಬಿಚ್ಚಿ ಓದಿದೆ. ಇಳಿತ, ಐದು ಗಂಟೆ ನಲವತ್ತು ನಿಮಿಷಕ್ಕೆ ಪೂರ್ತಿ. ಅವರು ತಲೆಯಾಡಿಸಿ ಕಾಂಕ್ರೀಟಿನ ಕಡೆಗೇ ನೋಡುತ್ತ ಕೂತರು.

ಮರುತಿಂಗಳು ಆ ಕೆಲಸ ಬಿಟ್ಟೆ. ಈಗ ನೆರೂಳದಲ್ಲಿ ಸ್ವಂತ ಏಜೆನ್ಸಿ. ಹಳೆಯ ಫ್ಲ್ಯಾಟುಗಳೇ ಹೆಚ್ಚು. ಗಿರಾಕಿಯನ್ನು ಎರಡು ಸಲ ಕರೆದೊಯ್ಯುತ್ತೇನೆ, ಉಬ್ಬರಕ್ಕೊಮ್ಮೆ, ಇಳಿತಕ್ಕೊಮ್ಮೆ. ಎದುರು ಏನು ಬರುತ್ತದೆ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳುತ್ತೇನೆ. ಎಷ್ಟೋ ಮನೆ ಇದರಿಂದಲೇ ಕೈತಪ್ಪಿವೆ, ತಪ್ಪಲಿ. ಮನೆ ನೋಡಲು ಬಂದವರು ಕೇಳುವ ಹತ್ತು ಪ್ರಶ್ನೆಗಳಲ್ಲಿ ಒಂದರ ಮೇಲೆ ಅವರ ಉಳಿದ ಬದುಕು ನಿಂತಿರುತ್ತದೆ. ಅದು ಯಾವುದೆಂದು ಗುರುತಿಸಿ, ಅದಕ್ಕೆ ಪೂರ್ತಿ ಉತ್ತರ ಕೊಡುವುದೇ ಈ ಕೆಲಸ. ಇದನ್ನು ಕಲಿತದ್ದು ಇನ್ನೊಬ್ಬರ ಕಿಟಕಿಯನ್ನು ಕಳೆದ ಮೇಲೆ.

ಪ್ರತಿವರ್ಷ ಹೊಸ ಪಟ್ಟಿ ತರುತ್ತೇನೆ. ದಿನಾ ಬೆಳಿಗ್ಗೆ ಐರೋಲಿಗೆ ಫೋನು ಮಾಡಿ ಆ ದಿನದ ಉಬ್ಬರ ಇಳಿತದ ಗಂಟೆ ಓದುತ್ತೇನೆ. ಜಲಜಕ್ಕ ಕೇಳಿಸಿಕೊಂಡು, "ಹ್ಞಾಂ," ಅಂದು ಇಡುತ್ತಾರೆ. ಇಷ್ಟು ವರ್ಷದಲ್ಲಿ ಬೇರೊಂದು ಮಾತೂ ಆಡಿಲ್ಲ.