ತಿದ್ದಿ, ತಿದ್ದಾಡಬೇಡಿ

ಡ್ರೈವಿಂಗ್ ಕಲಿಸುವ ಮಾಸ್ಟರರಿಗೆ ಸ್ವಂತದ್ದೊಂದು ಕ್ರಿಯಾಪದವಿತ್ತು: ತಿದ್ದಾಡುವುದು. ಗುದ್ದಾಡುವುದು, ಒದ್ದಾಡುವುದು ಇದ್ದಮೇಲೆ ಇದೂ ಇರಲೇಬೇಕು ಎಂಬುದು ಅವರ ವಾದ. ಗಾಡಿ ಎಡಕ್ಕೆ ವಾಲಿತೆಂದು ಹೆದರಿ ಸ್ಟೀರಿಂಗನ್ನು ಪೂರಾ ಬಲಕ್ಕೆ ಎಳೆಯುವುದು, ಅಯ್ಯೋ ಬಲಕ್ಕೆ ಹೋಯಿತೆಂದು ಮತ್ತೆ ಎಡಕ್ಕೆ ಎಳೆಯುವುದು, ಇದು ತಿದ್ದಾಡುವುದು. ‘ತಿದ್ದಿ, ತಿದ್ದಾಡಬೇಡಿ’ ಎಂದು ಕಾರಿನ ಹಿಂದಿನ ಗಾಜಿನ ಮೇಲೂ ಬರೆಸಿದ್ದರು. ಹಿಂದೆ ಬರುವವರಿಗೆ ಅರ್ಥವಾಗದಿದ್ದರೆ ಅದು ಅವರ ಹಣೆಬರಹ.

ಕಲಿಯುವವರ ಪಕ್ಕದ ಸೀಟಿನಲ್ಲಿ ಮಾಸ್ಟರರ ಕಾಲಿಗೂ ಒಂದು ಬ್ರೇಕಿತ್ತು. ಹೊಟ್ಟೆಪಾಡಿಗೆಂದು ಅದರ ಮೇಲೆ ಕಾಲಿಟ್ಟು ಕೂತವರಿಗೆ ಜಗತ್ತೇ ತಮ್ಮ ಕಾಲಡಿ ನಿಂತಿದೆ ಎನಿಸುವುದು ಸಹಜ. ಮನೆಯಲ್ಲೂ ಅದೇ. ಹೆಂಡತಿ ಈರುಳ್ಳಿ ಹೆಚ್ಚಿದರೆ “ಇನ್ನೂ ಸಣ್ಣಗೆ”, ಬಾಗಿಲು ಹಾಕಿದರೆ “ಮೆಲ್ಲಗೆ”, ತಂಗಿಯೊಡನೆ ಫೋನಿನಲ್ಲಿ ಮಾತಾಡಿದರೆ “ವಿಷಯಕ್ಕೆ ಬಾ.”

ಒಂದು ಸಂಜೆ ಆಕೆ ತಾನೇ ಹೊಲಿದ ಪರದೆಯನ್ನು ಕಿಟಕಿಗೆ ಹಾಕುತ್ತಿದ್ದಳು. ಮಾಸ್ಟರು ಬಾಯಿ ತೆರೆಯುವ ಮೊದಲೇ ಸ್ಟೂಲಿನ ಮೇಲಿಂದ ಹೇಳಿದಳು: “ಮದುವೆ ಆದಾಗಿಂದ ನೀವು ನನ್ನ ಪಕ್ಕದ ಸೀಟಲ್ಲೇ ಕೂತಿದ್ದೀರ. ಇನ್ನಾದ್ರೂ ಸ್ವಲ್ಪ ಇಳೀರಿ.”

ಮಾತು ನಾಟಿತು. ಮಾಸ್ಟರು ಇಳಿದೇಬಿಟ್ಟರು. ಅಂದಿನಿಂದ ಏನು ಕೇಳಿದರೂ ಒಂದೇ ಉತ್ತರ. ಅಡುಗೆ ಏನು ಮಾಡಲಿ? ನಿನ್ನಿಷ್ಟ. ಮೈ ಬಿಸಿ ಇದೆಯಾ, ಹಣೆ ಮುಟ್ಟಿ ನೋಡಿ? ನಿನ್ನಿಷ್ಟ. ತಮ್ಮ ಸಂಯಮಕ್ಕೆ ತಾವೇ ಬೆರಗಾದರು. ಕೊನೆಗೊಂದು ದಿನ ಆಕೆ ಚೀಲ ಹಿಡಿದು, “ತಂಗಿ ಮನೇಲಿ ಇದ್ದು ಬರ್ತೀನಿ” ಎಂದು ಹೊಸ್ತಿಲಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು.

“ನಿನ್ನಿಷ್ಟ” ಎಂದರು ಮಾಸ್ಟರು, ಪರೀಕ್ಷೆ ಪಾಸಾದವರಂತೆ.

ಆಮೇಲೆ ಆ ಪುಟ್ಟ ಮನೆ ಎಷ್ಟು ದೊಡ್ಡದೆಂದು ತಿಳಿಯಿತು. ಈರುಳ್ಳಿಯನ್ನು ದಪ್ಪದಪ್ಪಗೆ ತಾವೇ ಹೆಚ್ಚಿಕೊಂಡರು. ಬಾಗಿಲನ್ನು ಧಡಾರನೆ ಹಾಕಿ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅವಳು ಫೋನ್ ಮಾಡಲಿಲ್ಲ. ತಾವು ಮಾಡಿದರೆ ಮತ್ತೆ ಪಕ್ಕದ ಸೀಟು ಹತ್ತಿದಂತಾಗುತ್ತದೆಂದು ಇವರೂ ಮಾಡಲಿಲ್ಲ. ವಾರಗಳು ಉರುಳಿದವು.

ಒಂದು ಬೆಳಿಗ್ಗೆ ಕಲಿಯಲು ಬಂದ ಬೇಕರಿಯಾಕೆ ರಸ್ತೆಯಂಚಿನಿಂದ ಗಾಡಿಯನ್ನು ಗಿರಕ್ಕನೆ ತಿರುಗಿಸಿದಳು. ಮಾಸ್ಟರು ಬ್ರೇಕ್ ಒತ್ತಿದರು.

“ಚರಂಡಿ ತಪ್ಪಿಸ್ದೆ ಅಲ್ವಾ ಮಾಸ್ಟ್ರೇ?”

“ಈ ಕಡೆ ಚರಂಡಿ ತಪ್ಪಿಸಿ ಆ ಕಡೆ ಚರಂಡಿಗೆ ಹೊರಟಿದ್ರಿ ತಾಯಿ. ತಿದ್ದಾಡೋದು ಅಂದ್ರೆ ಇದೇ.”

“ಮತ್ತೆ ಎಷ್ಟು ತಿರುಗಿಸ್ಬೇಕು? ಸುಮ್ನೆ ಕೈ ಬಿಟ್ಟು ಕೂರ್ಲಾ?”

“ಕೈ ಬಿಟ್ರೆ ಹೇಗಮ್ಮಾ? ಎರಡು ಬೆರಳಷ್ಟು ತಿದ್ಬೇಕು, ಅಷ್ಟೇ. ಕೈ ಬಿಡೋದೂ...” ಮಾತು ಅಲ್ಲೇ ನಿಂತಿತು.

ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು.

“ಮಾಸ್ಟ್ರೇ, ಬ್ರೇಕಿಂದ ಕಾಲು ತೆಗೀರಿ” ಎಂದಳು ಬೇಕರಿಯಾಕೆ.

ಸಂಜೆ ಮಾಸ್ಟರು ಕಿಟಕಿಯ ಬಳಿ ನಿಂತು ಫೋನ್ ಮಾಡಿದರು. ಕಲಿತಿಟ್ಟುಕೊಂಡ ಉದ್ದನೆಯ ಕ್ಷಮಾಪಣೆಯೊಂದಿತ್ತು. “ಏನು?” ಎಂಬ ಅವಳ ದನಿ ಕೇಳಿದ್ದೇ ಅದೆಲ್ಲ ಮರೆತುಹೋಯಿತು.

“ನೀನು ಹೊಲಿದ ಪರದೆ,” ಎಂದರು, “ಒಂದು ಕಡೆ ಸ್ವಲ್ಪ ಉದ್ದ ಇದೆ.”



“ಎಷ್ಟು?”

“ಎರಡು ಬೆರಳು.”

“ಕತ್ತರಿ ಹಿಡೀಬೇಡಿ. ನಾನೇ ಬಂದು ನೋಡ್ತೀನಿ.”

ಯಾವತ್ತೆಂದು ಅವಳು ಹೇಳಲಿಲ್ಲ. ಕೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ಮಾಸ್ಟರು ನುಂಗಿಕೊಂಡು, ದೀಪ ಹಾಕದೆ, ಪರದೆಯನ್ನೇ ನೋಡುತ್ತ ಕೂತರು. ಕಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು.