ಗುರುಗಳ ಸಿಗರೇಟು ಹಚ್ಚುವ ಕೆಲಸ

ನಮ್ಮ ಭಾವ ಗುರುಗಳ ಕಾರಿನ ಡ್ರೈವರು. ನಾನು ಗುರುಗಳದೇ ಪ್ರಾರ್ಥನಾ ಮಂದಿರದ ಮೈಕಿನವನು. ಗುರುಗಳು ಕೆಮ್ಮುವ ಮೊದಲೇ ಧ್ವನಿ ತಗ್ಗಿಸುವುದು ನನಗೆ ಗೊತ್ತಿರುವ ಒಂದೇ ವಿದ್ಯೆ. ಸಂಬಳವೂ ಅಷ್ಟಕ್ಕೇ ಬರುತ್ತದೆ.

ಆ ಕೆಮ್ಮಿನ ಮೂಲ ಕಾರಿನಲ್ಲಿದೆ. ಗುರುಗಳು ಸಿಗರೇಟು ಸೇದುತ್ತಾರೆ, ಆದರೆ ಹಚ್ಚುವುದಿಲ್ಲ. ಕೈಯಾರೆ ಹಚ್ಚದಿದ್ದರೆ ಅದು ಚಟವಲ್ಲ ಎಂಬುದು ಅವರ ಲೆಕ್ಕ. ಊರು ದಾಟಿದ ಮೇಲೆ ಭಾವನೇ ಬಾಯಿಗಿಟ್ಟು ಹಚ್ಚಿ, ಕೆಂಡ ನಿಲ್ಲುವಷ್ಟು ದಮ್ಮು ಎಳೆದು, ಹಿಂದಿನ ಸೀಟಿಗೆ ಚಾಚಬೇಕು. ಸಿಗರೇಟನ್ನೇ ಮುಟ್ಟದಿದ್ದ ಮನುಷ್ಯ ಹೀಗೆ ಸೇವೆ ಮಾಡುತ್ತಾ ಮಾಡುತ್ತಾ ತಮಗೂ ಒಂದು ಪ್ಯಾಕು ಇಟ್ಟುಕೊಂಡರು.

ಭಾವನ ಬಲಗಾಲಿನ ಎರಡು ಬೆರಳು ಈಗಾಗಲೇ ಹೋಗಿವೆ. ರಕ್ತನಾಳ ಕಟ್ಟಿಕೊಳ್ಳುತ್ತಿದೆ, ಸೇದುವುದನ್ನು ಬಿಡದಿದ್ದರೆ ಕಾಲನ್ನೇ ತೆಗೆಯಬೇಕು ಎಂದಿದ್ದಾರೆ ಡಾಕ್ಟರು. ಅಕ್ಕ ಅತ್ತಳು, ಜಗಳವಾಡಿದಳು, ಪ್ಯಾಕನ್ನು ಬಕೆಟ್ಟಿನ ನೀರಿಗೆ ಅದ್ದಿದಳು.

"ಗುರುಗಳು ಹೇಳಿದ್ರೆ ಬಿಡ್ತೀನಿ ಕಣೇ," ಎಂದರು ಭಾವ.

ಅಕ್ಕ ನನ್ನನ್ನೂ ದರದರ ಎಳೆದುಕೊಂಡು ಗುರುಗಳ ಕೋಣೆಗೆ ಹೋದಳು.

"ಸಿಗರೇಟು ಪಾಪ ಅಂತ ಎಲ್ಲೂ ಬರೆದಿಲ್ವಲ್ಲಮ್ಮಾ," ಎಂದರು ಗುರುಗಳು.

"ಕಾಲು ಕಡಿಸ್ಕೋ ಅಂತಾನೂ ಬರೆದಿಲ್ಲ ಗುರುಗಳೇ."

ನಾನು ಗೋಡೆ ನೋಡುತ್ತಾ ನಿಂತಿದ್ದೆ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ.

ಗುರುಗಳು ಸೋತರು. ಮರುದಿನ ಬೆಳಿಗ್ಗೆ ತುಂಬಿದ ಸಭೆಯಲ್ಲಿ ಭಾವನ ತಲೆಯ ಮೇಲೆ ಕೈಯಿಟ್ಟು, ಇನ್ನು ಸೇದುವುದಿಲ್ಲ ಎಂದು ಆಣೆ ಮಾಡಿಸಿದರು. ಮುಂದಿನ ಸಾಲಿನಲ್ಲಿದ್ದ ಅಕ್ಕ ಬಿಕ್ಕಿದ್ದು ಮೈಕಿನಲ್ಲೂ ಕೇಳಿಸಿತು. ನಾನು ಧ್ವನಿ ತಗ್ಗಿಸಲಿಲ್ಲ.

ಮಧ್ಯಾಹ್ನ ಪಕ್ಕದೂರಿನ ಸಭೆಗೆ ಹೊರಟೆವು. ಮೈಕಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ನಾನು ಭಾವನ ಪಕ್ಕ ಕೂತಿದ್ದೆ. ಮನೆಗಳು ಮುಗಿದದ್ದೇ ತಡ, ಗುರುಗಳು ಹಿಂದಿನಿಂದ ಭಾವನ ಭುಜ ತಟ್ಟಿ ಸಿಗರೇಟು ಮುಂದೆ ಹಿಡಿದರು.

"ಗುರುಗಳೇ, ಬೆಳಿಗ್ಗೆ ತಾನೇ..."

"ಆಣೆ ಸೇದೋದಕ್ಕಪ್ಪಾ. ಹಚ್ಚಿ ಕೊಡೋದಕ್ಕಲ್ಲ."

"ಕೊಡಿ ಗುರುಗಳೇ, ನಾನು ಹಚ್ತೀನಿ," ಎಂದೆ. ಹುಟ್ಟಿದಾಗಿನಿಂದ ಕೂಡಿಟ್ಟ ಧೈರ್ಯವೆಲ್ಲ ಅಷ್ಟಕ್ಕೇ ಖರ್ಚಾಯಿತು.

"ನೀನು ಮೈಕು ನೋಡ್ಕೋ."

ನೋಡಿಕೊಂಡೆ.

ಭಾವ ಕಾರು ನಿಲ್ಲಿಸಿ ಹಚ್ಚಿದರು. ಎಳೆದರು. ಕೆಂಡ ನಿಂತಿತ್ತು, ಆದರೂ ಕಣ್ಣು ಮುಚ್ಚಿ ಇನ್ನೊಂದು ದಮ್ಮು ಎಳೆದೇ ಹಿಂದಕ್ಕೆ ಕೊಟ್ಟರು. ಆಗ ಅವರ ಫೋನು ಬಡಿದುಕೊಂಡಿತು. ಬಾಯಿ ತುಂಬ ಹೊಗೆ. ಫೋನನ್ನು ನನ್ನ ಕೈಗೆ ತುರುಕಿದರು.

"ನಿಮ್ಮ ಭಾವ ಮುಟ್ಟಿಲ್ಲ ತಾನೇ?" ಅಕ್ಕ.

"ಇಲ್ಲಕ್ಕಾ."

"ಗುರುಗಳು ಕಾಲು ಉಳಿಸಿಕೊಟ್ರು ಕಣೋ. ನನ್ನ ನಮಸ್ಕಾರ ಹೇಳು."

ಹೇಳಿದೆ. ಗುರುಗಳು ಸಿಗರೇಟಿಲ್ಲದ ಕೈಯೆತ್ತಿ ಆಶೀರ್ವದಿಸಿದರು.