ಎಡ ಹಿಂದಿನ ಚಕ್ರ

ನಂಬದವರು ನಂಬದೇ ಇರಿ, ನನಗೇನೂ ಬೇಜಾರಿಲ್ಲ. ದೆವ್ವ ಗಿವ್ವ ಅಂದವರನ್ನು ಗೇಲಿ ಮಾಡಿಕೊಂಡೇ ಬೆಳೆದವನು ನಾನು. ಆದರೆ ಇದು ನನಗೇ ಆದದ್ದು. ತೊಂಬತ್ತರ ದಶಕದ ಕೊನೆ.

ಆಗ ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಚಿಕ್ಕ ಗ್ಯಾರೇಜು. ಅಮಾವಾಸ್ಯೆಯ ಸಂಜೆ ಹದಡಿಯ ರುದ್ರಪ್ಪನವರು ಜೀಪು ತಂದರು. ಕಂಪನಿ ಚಕ್ರ ತೆಗೆದು ಅಗಲವಾದ ಹೊಸ ಡಿಸ್ಕ್, ದಪ್ಪ ಟೈರು ಹಾಕಬೇಕು. ಹಾಗೇ ದೇವರ ದರ್ಶನಕ್ಕೆ ಉಕ್ಕಡಗಾತ್ರಿಗೆ ಹೊರಡಬೇಕು. ಜೊತೆಗೆ ತಾಯಿ, ಹೆಂಡತಿ, ಇಬ್ಬರು ಮಕ್ಕಳು.

ಗಾಡಿ ಜಾಕಿಯ ಮೇಲಿದ್ದಾಗ ನಟ್ಟು ಅರ್ಧ ಬಿಗಿ ಅಷ್ಟೇ. ಚಕ್ರ ನೆಲಕ್ಕೆ ಕೂತ ಮೇಲೆ ನಟ್ಟು ತಿರುಗಿಸುವ ಉದ್ದ ಹಿಡಿಯ ಪಾನ ಹಾಕಿ, ಮೈಭಾರ ಬಿಟ್ಟು ಬಿಗಿಯಬೇಕು. ಮೂರು ಮುಗಿದಿದ್ದವು. ಎಡ ಹಿಂದಿನದನ್ನು ಇಳಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ರುದ್ರಪ್ಪನವರ ತಾಯಿ ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟುಬಿಟ್ಟಿದ್ದರು.

"ಅಮ್ಮಾರೆ, ಇನ್ನೊಂದು ಚಕ್ರ ಬಿಗಿಯೋದೈತ್ರಿ..."

"ಹಣ್ಣು ಇಟ್ಟ ಮ್ಯಾಲೆ ಕಬ್ಬಿಣ ಮುಟ್ಟಿಸಬ್ಯಾಡಪ್ಪ. ಒಳ್ಳೇದಲ್ಲ."

ಹಿರಿಯರ ಮಾತು, ಅಮಾವಾಸ್ಯೆ ಬೇರೆ... ಪಾನ ಮುಟ್ಟಲಿಲ್ಲ. "ಹರಿಹರದಾಗ ಬಿಗಿಸ್ಕೊಳ್ರಿ" ಎಂದದ್ದು ಇಂಜಿನ್ ಸದ್ದಿನಲ್ಲಿ ರುದ್ರಪ್ಪನವರಿಗೆ ಕೇಳಿಸಿತೋ ಇಲ್ಲವೋ. ನಿಂಬೆಹಣ್ಣು ಪಚಕ್ಕೆಂದವು. ಜೀಪು ಹೋಯಿತು.

ಗ್ಯಾರೇಜಿನ ತುಂಬ ನಿಂಬೆ ವಾಸನೆ. ಎರಡು ವರ್ಷದ ಹಿಂದೆ ಹೀಗೇ ಒಂದು ಜೀಪು ಕಳಿಸಿದ್ದೆ. ಹರಿಹರದಾಚೆ ಮೋರಿಯ ಮೇಲೆ ಚಕ್ರ ಕಳಚಿ, ಗಾಡಿ ಕಾಲುವೆಗೆ ಬಿತ್ತು. ಓಡಿಸುತ್ತಿದ್ದ ಹನುಮಂತಣ್ಣ ಮೇಲೆ ಬರಲಿಲ್ಲ. "ನಾನು ಬಿಗಿದೇ ಕಳಿಸಿದ್ದೆ" ಎಂದು ಎಲ್ಲರ ಮುಂದೆ ಹೇಳಿದೆ. ಶುದ್ಧ ಸುಳ್ಳು. ಊಟದ ಅವಸರದಲ್ಲಿ ಬಿಗಿಯದೇ ಬಿಟ್ಟಿದ್ದೆ. ಇದು ನನ್ನ ಹೆಂಡತಿಗೂ ಗೊತ್ತಿಲ್ಲ.

ಪಾನ ಎತ್ತಿಕೊಂಡು ಸ್ಕೂಟರ್ ಹತ್ತಿದೆ. ಆ ಮಕ್ಕಳ ಮುಖವೇ ಕಣ್ಣ ಮುಂದೆ.

ಹರಿಹರ ದಾಟಿದಾಗ ಗವ್ವೆನ್ನುವ ಕತ್ತಲು. ಗದ್ದೆಯ ಕೆಸರಿನ ವಾಸನೆ, ಕಪ್ಪೆಗಳ ಗಲಾಟೆ. ಮೋರಿ ಹತ್ತಿರವಾದಂತೆ ಕಪ್ಪೆಗಳೆಲ್ಲ ಒಮ್ಮೆಲೇ ಸುಮ್ಮನಾದವು...

ಟಕ್... ಟಕ್...

ಪಾನ ನಟ್ಟಿಗೆ ಕೂರುವ ಸದ್ದು. ಅದು ನನಗೆ ಗೊತ್ತಾಗದೇ?

ಮೋರಿಯ ಈಚೆಗೇ ಜೀಪು ನಿಂತಿತ್ತು. ಓಡಿಹೋಗಿ ಎಡ ಹಿಂದಿನ ಚಕ್ರಕ್ಕೆ ಪಾನ ಹಾಕಿದೆ. ಐದೂ ನಟ್ಟು ಕೂದಲೆಳೆಯಷ್ಟೂ ಅಲುಗಲಿಲ್ಲ. ಮುಟ್ಟಿದರೆ ತಣ್ಣಗೆ, ಒದ್ದೆ.

"ಯಾರು ಬಿಗಿದರ್ರಿ?"

"ಒಬ್ಬಾತ ಕೈ ಅಡ್ಡ ಹಾಕಿ ನಿಲ್ಸಿದ" ಎಂದು ರುದ್ರಪ್ಪನವರು ಪಿಸುಗುಟ್ಟಿದರು. "ಮೈಯೆಲ್ಲ ತೊಯ್ದಿತ್ತು. ಬಿಗಿದ, ನಿನ್ನ ಸ್ಕೂಟರ್ ಲೈಟ್ ಕಂಡ ಕೂಡ್ಲೆ ಕಾಲುವೆ ಕಡೆ ಇಳಿದ."

ರುದ್ರಪ್ಪನವರ ತಾಯಿ ನನ್ನ ಕೈ ಹಿಡಿದರು.

"ನಿನಗ ಹೇಳು ಅಂದಾನಪ್ಪ... 'ಈ ಸಲನಾದ್ರೂ ಬಂದ್ನಲ್ಲ, ಸಾಕು' ಅಂತ."

ಹನುಮಂತಣ್ಣನ ಮನೆ ಬಾಗಿಲಿಗೆ ಎರಡು ಸಲ ಹೋಗಿ ನಿಂತಿದ್ದೇನೆ. ಅವನ ಹೆಂಡತಿ ನೀರು ಕೊಟ್ಟಳು, ಕುಡಿದು ಬಂದೆ. ನಿಜ ಹೇಳಲು ಬಾಯಿ ಬರಲಿಲ್ಲ.

ಈಗಲೂ ಕೆಲವು ಅಮಾವಾಸ್ಯೆ, ಮುಚ್ಚಿದ ಶಟರಿನ ಆಚೆ ಟಕ್... ಟಕ್... ಕೇಳಿಸುತ್ತದೆ. ಸಾಕು ಅಂದವನು ಮತ್ತೆ ಯಾಕೆ ಬರುತ್ತಾನೆ?